ಕೆಂಪು ಚೌಕುಳಿಯ ಕಾಗದ

ರೋಲು ಮುಗಿಯುವಾಗ ಅಂಚಿಗೆ ಗುಲಾಬಿ ಗೆರೆ ಬರುತ್ತದೆ,
ಆ ತುಂಡನ್ನು ಯಾರ ಎದೆಗೂ ಬಳಸುವುದಿಲ್ಲ.
ಇ.ಸಿ.ಜಿ. ಮೆಷಿನ್ನಿನಿಂದ ಹರಿದು ಗ್ಲಾಡಿಸ್ ಸಿಸ್ಟರು ಕೊಟ್ಟರು:
"ತಗೋ ಗಂಗರತ್ನ, ಚೌಕ ಹಾಕೇ ಇದೆ,
ನಿನ್ನ ಲೆಕ್ಕಕ್ಕೆ ಸರಿಹೋಗುತ್ತೆ."

ರಾತ್ರಿ ಎರಡೂವರೆ.
ಮಾಗಡಿ ರಸ್ತೆಯಲ್ಲಿ ಕಸದ ಲಾರಿ ಒಂದೇ.
ಮೇಲಿನ ಸಾಲಿಗೆ ಐದು ಕಾಲೇಜು, ಎಡಕ್ಕೆ ವಿಷಯ.

ಹೆಸರಘಟ್ಟ ರಸ್ತೆಯದಕ್ಕೆ
ಭೌತ, ರಸಾಯನ, ಜೀವ, ಮೂರೂ ಬೇಕು.
ಕೆಂಗೇರಿಯದಕ್ಕೂ ಮೂರೂ ಬೇಕು,
ಮೇಲಾಗಿ ಒಂದೇ ಸಲಕ್ಕೆ ಪಾಸಾಗಿರಬೇಕು.
ಮಿಷನ್ನಿನವರಿಗೆ ಅಷ್ಟೂ ಬೇಕು, ಜೊತೆಗೆ ನಡತೆ ಪತ್ರ.
ನಾಗರಬಾವಿಯವರು, ಆರ್ಟ್ಸ್ ಆದರೂ ಬನ್ನಿ,
ಆದರೆ ಡಿಗ್ರಿಯಲ್ಲ, ಡಿಪ್ಲೊಮಾ ಎನ್ನುತ್ತಾರೆ.
ಯಲಹಂಕದ ಹೆಂಗಸು ಫೋನಿನಲ್ಲಿ
"ಬಯಾಲಜಿ ಇದ್ರೆ ಮಿಕ್ಕಿದ್ದು ನೋಡೋಣ" ಅಂದಳು.
ಆ ನೋಡೋಣಕ್ಕೆ ಯಾವ ಚೌಕದಲ್ಲಿ ಟಿಕ್ ಹಾಕಲಿ?

ನನ್ನ ಹತ್ತಿರ ಇರುವುದು ಹತ್ತು ವರ್ಷದ ಹಳೇ ಪಿಯುಸಿ.
ಇತಿಹಾಸದಲ್ಲಿ ಎಪ್ಪತ್ತೊಂದು.
ಯಾವ ಅರಸ ಯಾರನ್ನು ಸೋಲಿಸಿದ ಎಂದು
ಈ ವಾರ್ಡಿನಲ್ಲಿ ಒಬ್ಬರೂ ಕೇಳಿಲ್ಲ.

ಓಪನ್ ಸ್ಕೂಲಿಗೆ ವಿಷಯಕ್ಕಿಷ್ಟು ಅಂತ ಕಟ್ಟಬೇಕು,
ಪ್ರಾಕ್ಟಿಕಲ್ಲಿಗೆ ಬೇರೆ.
ಚೀಟಿ ಎತ್ತಿದರೆ ಎರಡು ವಿಷಯದಷ್ಟು ದುಡ್ಡು.
ಯಾವ ಎರಡು?

ಜೀವಶಾಸ್ತ್ರಕ್ಕೆ ಹೆದರುವವಳಲ್ಲ ನಾನು.
ಹನ್ನೊಂದನೇ ಬೆಡ್ಡಿನ ಅಜ್ಜನ ಬೆನ್ನಹುಣ್ಣು
ಎಷ್ಟು ಆಳ ಎಂದು ಬೆರಳಿಗೆ ಗೊತ್ತು.
ಹೋದವರ ದವಡೆ ಬಿಗಿಯುವ ಮುಂಚೆ
ಬಟ್ಟೆ ಕಟ್ಟಲು ಎಷ್ಟು ಹೊತ್ತು ಸಿಗುತ್ತದೆ, ಅದೂ ಗೊತ್ತು;
ಅದಕ್ಕಿರುವ ಹೆಸರು ಗೊತ್ತಿಲ್ಲ.
ರಸಾಯನ?
ಬ್ಲೀಚಿಂಗಿಗೆ ಆಸಿಡ್ ಬೆರೆಸಿದ ದಿನ
ಕೆಮ್ಮಿ ಕೆಮ್ಮಿ ಒಂದು ಪಾಠ ಆಗಿದೆ.
ಎಂಬತ್ತು ಕೇಜಿಯ ಗಂಡಸನ್ನು
ನಲವತ್ತೆಂಟು ಕೇಜಿಯವಳು ಒಂದು ಬೆಡ್‌ಶೀಟ್ ಹಿಡಿದು
ಮಗ್ಗುಲಿಗೆ ಹೊರಳಿಸುವುದು
ಭೌತಶಾಸ್ತ್ರವೇ ಇರಬೇಕು.

ಐದೂ ಕಾಲಮ್ಮಿನಲ್ಲಿ ತಪ್ಪದೆ ಟಿಕ್ ಬಿದ್ದದ್ದು
ಇವ್ಯಾವಕ್ಕೂ ಅಲ್ಲ, ಇಂಗ್ಲಿಷಿಗೆ.
ನಲವತ್ತು ಬೇಕು. ನನ್ನದು ಮೂವತ್ತೆಂಟು.

ಇಲ್ಲಿ ತೆಲುಗಿನಲ್ಲಿ ನರಳುತ್ತಾರೆ,
ತಮಿಳಿನಲ್ಲಿ ದೇವರನ್ನು ಬೈಯುತ್ತಾರೆ,
ದಖನಿಯಲ್ಲಿ ನೀರು ಕೇಳುತ್ತಾರೆ,
ಅಮ್ಮಾ ಅನ್ನುವುದು ಯಾವ ಭಾಷೆಯೋ ಹೇಳಲಾಗದು.
ಇಂಗ್ಲಿಷಿನಲ್ಲಿ ಬರುವುದು ಬಿಲ್ಲು.

ಅಷ್ಟರಲ್ಲಿ ಬೆಲ್.
ಚಹಾದ ಸ್ಟೀಲ್ ಲೋಟ ಕಾಗದದ ಮೇಲೇ ಇಟ್ಟು ಓಡಿದೆ.
ಅಜ್ಜನಿಗೆ ಏನೂ ಬೇಕಿರಲಿಲ್ಲ.
"ಯಾರಾದ್ರೂ ಇದೀರಾ ಅಂತ."
ಇದ್ದೀನಿ ಅಂದೆ. ಹೊದಿಕೆ ಸರಿಮಾಡಿದೆ.

ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು, ಮರೆತಿದ್ದೆ.
ವಾಪಸು ಬಂದರೆ ಹೆಸರಘಟ್ಟ, ಕೆಂಗೇರಿ ಎರಡೂ
ಲೋಟದ ತಳದಷ್ಟು ಗುಂಡಗೆ, ಕರ್ರಗೆ.
ಗ್ಲಾಡಿಸ್ ಸಿಸ್ಟರಿಗೆ ನಗು ತಡೆಯಲಿಲ್ಲ:
"ಇದು ಪೇಷಂಟಿಂದಾಗಿದ್ರೆ ಡಾಕ್ಟ್ರು ಚಪ್ಪಲಿ ಬಿಟ್ಟು ಓಡಿಬರ್ತಿದ್ರು!"

ಶಕುನ ಗಿಕುನ ನಂಬುವವಳಲ್ಲ.
ಇನ್ನೊಂದು ತುಂಡಿಗೆ ಎಲ್ಲ ಮತ್ತೆ ಬರೆದೆ,
ಕೆಂಗೇರಿಯೊಂದನ್ನು ಬಿಟ್ಟು.
ಒಂದೇ ಸಲಕ್ಕೆ ಎನ್ನುವವರು
ನಿಂತು, ಎರಡನೇ ಸಲ ಬಡಿದ ಎದೆಯನ್ನು ನೋಡಿಲ್ಲ.

ಈ ಸಲ ಇಂಗ್ಲಿಷು, ಜೀವಶಾಸ್ತ್ರ.
ಅಕ್ಟೋಬರಿಗೆ ರಸಾಯನ.
ಭೌತಶಾಸ್ತ್ರದ ಹೊತ್ತಿಗೆ ನನಗೆ ಮೂವತ್ತು.
ನಾಗರಬಾವಿಗೂ ಒಂದು ಅರ್ಜಿ ಹಾಕಿಡುತ್ತೇನೆ,
ಡಿಗ್ರಿ ಡಿಗ್ರಿ ಅನ್ನುವ ಸಿಸ್ಟರಿಗೆ ಹೇಳುವುದಿಲ್ಲ.

ಕೇಳಿದ್ದು ಬೇರೆ: ದವಡೆ ಬಿಗಿಯುತ್ತಲ್ಲ, ಅದಕ್ಕೇನಂತಾರೆ?
"ರಿಗರ್ ಮಾರ್ಟಿಸ್."
ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು,
ಖಾಲಿ ಚೌಕಗಳಲ್ಲಿ ತುಂಬಿಕೊಂಡೆ.
ಎರಡು ಪದ, ಅಂಕಕ್ಕೊಂದು ಅಂದುಕೊಂಡೆ.

"ಅದು ಇಂಗ್ಲಿಷಲ್ಲ ಕಣೇ, ಲ್ಯಾಟಿನ್ನು."

ಅದರಲ್ಲೂ ಪಾಸಾಗಬೇಕಾ ಅಂದೆ.
ನಾಲ್ಕನೇ ಬೆಡ್ಡಿನ ಯೂರಿನ್ ಬ್ಯಾಗು ತುಂಬಿತ್ತು.